ತೊಳೆಯಬಾರದ ಕಂಬಳಿ

ರತ್ನಾಗಿರಿಯ ಈ ಮನೆಯ ಒಡತಿ ಹೊರಡುವ ಮುಂದೆ ನನ್ನ ಕೈಗೆ ಮನೆಯ ಕೀಲಿ ಕೊಟ್ಟಳು, ನಾಯಿಯ ಕೊರಳ ಪಟ್ಟಿ ಕೊಟ್ಟಳು, ಕಡೆಗೆ ಗಂಡನ ಒಂದು ಹಳೆಯ ಅಂಗಿ ಕೊಟ್ಟಳು. ಅಂಗಿ ಬೆವರು ನಾರುತ್ತಿತ್ತು. ನಾಯಿ ಅದರ ಮೇಲೇ ಮಲಗುತ್ತದಂತೆ, ತಾವು ಬರುವವರೆಗೆ ತೊಳೆಯಬಾರದಂತೆ. ಮರೆತೇನೆಂದು ಚೀಟಿಯಲ್ಲೂ ಬರೆದಿಟ್ಟು ಹೋದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರಾಗ ಮಗ್ಗಲ ಮನಿಯಾಗಿದ್ದ ಮುದುಕಿ ಆಯಿ ಎದುರು ಬಂದು ನಿಂತಂಗಾತು...

ನನಗೆ ಪುಣೆಯಲ್ಲಿ ಕೆಲಸ. ಲಾಡ್ಜಿನಲ್ಲಿ ಇಳಿದು ಸಮುದ್ರ ನೋಡುವಂಥ ಪಗಾರಲ್ಲ. ಅದಕ್ಕೆ ರಜೆ ಸಿಕ್ಕಾಗ ಹೀಗೆ ಯಾರದೋ ಮನೆ, ಯಾರದೋ ನಾಯಿ ಬೆಕ್ಕು ಕಾಯುತ್ತ ಊರು ನೋಡುತ್ತೇನೆ. ಅವರು ಕೂಲಿ ಕೊಡುವುದಿಲ್ಲ, ನಾನು ಬಾಡಿಗೆ ಕೊಡುವುದಿಲ್ಲ. ಇಂಥ ಮನೆಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಗೆಳತಿಯರು ಇದನ್ನು ಹೊಸ ನಮೂನೆಯ ತಿರುಗಾಟ ಅನ್ನುತ್ತಾರೆ. ಹೊಸದೇನಲ್ಲ. ನಮ್ಮೂರು ದರಿಬಡಚಿಯಲ್ಲಿ ಆಯಿ ನಾನು ಹುಟ್ಟುವ ಮೊದಲಿನಿಂದಲೂ ಇದನ್ನೇ ಮಾಡುತ್ತಿದ್ದಳು.

ಆಯಿಗೆ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಇದ್ದದ್ದು ತಿರುಗುವ ಹುಚ್ಚೊಂದೇ. ಊರಿನವರ ಬೀಗರು, ಬೀಗರ ಬೀಗರು ಎಲ್ಲಿಗಾದರೂ ಹೊರಟರೆ ಆಯಿಗೆ ಕರೆ ಬರುತ್ತಿತ್ತು. ಹೋಗಿ ಅವರ ಮನೆ ಗುಡಿಸಿ, ದೀಪ ಹಚ್ಚಿ, ಪ್ರಾಣಿಗಳಿಗೆ ಹಾಕಿ, ಉಳಿದ ಹೊತ್ತಿನಲ್ಲಿ ಊರು ನೋಡಿ ಬರುತ್ತಿದ್ದಳು. ಸೊಲ್ಲಾಪುರ ಅಂದರೆ ಅವಳಿಗೆ ಒಂದು ಗಿಳಿ, ಮಿರಜ ಅಂದರೆ ಒಂದು ಕುಂಟ ಬೆಕ್ಕು. ಕಟ್ಟೆಯ ಮೇಲೆ ಕೂತವರು, "ಆಯಿ, ಈ ಸಲ ಯಾವ ಊರಿನ ಬೆಕ್ಕು ಕರಸೇತಿ?" ಎಂದು ಕಾಡುತ್ತಿದ್ದರು. "ನಿನ್ನ ಹೇಣ್ತಿ ತವರಿಗಿ ಹೋಗ್ಲಿ ತಡಿ, ನಿನ್ನೂ ಕಾಯ್ತೀನಿ. ಕಟ್ಟಿ ಹಾಕಿಸ್ಕೋಬೇಕ ನೋಡ ಮತ್ತ," ಅನ್ನುತ್ತಿದ್ದಳು.

ಸಮುದ್ರ ಮಾತ್ರ ನೋಡಿರಲಿಲ್ಲ. ಅಷ್ಟು ನೀರು ಒಂದೇ ಕಡೆ ಹೆಂಗ ನಿಂತಿರತೈತಿ ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಕಲಿತವಳಲ್ಲವೇ... ನಮ್ಮ ಮನೆತನದಲ್ಲಿ ಪದವಿಯ ಕಾಗದ ಹಿಡಿದವಳು ನಾನೇ ಮೊದಲು. ಅವ್ವ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. ನಾನೂ ತೋರಿಸಲೆಂದೇ ಕಾಯುತ್ತಿದ್ದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಓಣಿಯ ಕುರುಬರ ಮನೆಯವರು ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೊರಟರು. ಅವರ ಮುದಿ ನಾಯಿಗೆ ನಡೆಯಲು ಕಸುವಿರಲಿಲ್ಲ. ಅದನ್ನೂ ಮನೆಯನ್ನೂ ಆಯಿಗೆ ಒಪ್ಪಿಸಿದರು. ಹಿರಿಯ ಕುರುಬ ತಾನು ಹೊದೆಯುತ್ತಿದ್ದ ಕಂಬಳಿಯನ್ನು ಪಡಸಾಲೆಯಲ್ಲಿ ನಾಯಿಗೆ ಹಾಸಿ ಹೋದ. ನಾಯಿ ಬಿಟ್ಟು ಹೋಗುವಾಗ ಹಾಗೇ ಮಾಡುವುದು ಅವರ ರೂಢಿ. ನಾಯಿ ಅದರಲ್ಲಿ ಮೂಗು ಹುದುಗಿಸಿಕೊಂಡು ತಿಂಗಳಾನುಗಟ್ಟಲೆ ತೆಪ್ಪಗೆ ಬಿದ್ದಿತ್ತು. ಕೊರಳಿನ ಕಣ್ಣಿಯನ್ನು ಒಂದು ದಿನವೂ ಜಗ್ಗಲಿಲ್ಲ.

ಆಗಲೇ ರತ್ನಾಗಿರಿಯ ಕರೆ ಬಂತು. ಮೊದಲು ನಮ್ಮೂರ ಸಾಲಿಯಲ್ಲಿದ್ದ ಮಾಸ್ತರರೊಬ್ಬರು ಅಲ್ಲಿಗೆ ಬದಲಿಯಾಗಿದ್ದರು. ಎಂಟು ದಿನ ಮನೆ ಕಾಯಲು ಬರ್ರಿ, ಮನೆಯ ಬಾಗಿಲಿನಿಂದಲೇ ಸಮುದ್ರ ಕಾಣತೈತಿ ಅಂದರಂತೆ. ಆಯಿ ಎರಡು ಸಲ ಸೀರೆ ಮಡಚಿ ಬಿಚ್ಚಿ ಮಡಚಿದಳು. ಕುರುಬರ ಮನೆಯನ್ನು ಎಂಟು ದಿನದ ಮಟ್ಟಿಗೆ ನನಗೆ ವಹಿಸಿದಳು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಹಾಕು, ಕಂಬಳಿ ಮುಟ್ಟಬ್ಯಾಡ... ಹೇಳಿದ್ದು ಇಷ್ಟೇ.

ಅವಳ ಬಸ್ಸು ಹೋಗಿ ತಾಸು ಆಗಿರಲಿಲ್ಲ. ಕಂಬಳಿಯಲ್ಲಿ ಉಣ್ಣಿ ಹರಿದಾಡುತ್ತಿದ್ದವು. ಓದದ ಮುದುಕಿಗೆ ಸ್ವಚ್ಛತೆ ಏನು ತಿಳಿದೀತು ಅಂದುಕೊಂಡೆ. ಸೋಡಾ ಪುಡಿ ಹಾಕಿ ಕುದಿಯುವ ನೀರಿನಲ್ಲಿ ನೆನೆಸಿ, ಬಡಿದು ತೊಳೆದು, ಬಿಸಿಲಿಗೆ ಹಾಕಿ, ಇಳಿಹೊತ್ತಿಗೆ ಮತ್ತೆ ಹಾಸಿದೆ. ನಾಯಿ ಮೂಸಿತು. ಸುತ್ತ ತಿರುಗಿ ಮತ್ತೆ ಮೂಸಿತು. ರೊಟ್ಟಿ ಮುಟ್ಟಲಿಲ್ಲ. ನಾನು ಮನೆಗೆ ಹೋಗಿ ಚಹಾ ಕುಡಿದು ಬರುವುದರೊಳಗೆ ಕಣ್ಣಿ ಕಡಿದುಕೊಂಡು ಹೋಗಿಬಿಟ್ಟಿತ್ತು.

ಆಯಿಗೆ ಫೋನ್ ಹಚ್ಚಿದೆ. ಅವಳು ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ರತ್ನಾಗಿರಿಯ ಗಾಡಿಗೆ ಕಾಯುತ್ತಿದ್ದಳು.

"ಕಂಬಳಿ ತೊಳದಿ ಏನ?"

"ಭಾಳ ಹೊಲಸಾಗಿತ್ತ ಆಯಿ."

"ಹೊಲಸಲ್ಲ ಮಗಳ ಅದು. ಅದರಾಗ ಅದರ ಮಾಲಕ ಇದ್ದ."

ಅಲ್ಲಿಂದಲೇ ತಿರುಗಿ ಬಂದಳು. ಇಬ್ಬರೂ ಎರಡು ದಿನ ಹುಡುಕಿದೆವು. ಹೊಳೆಯ ಕಡೆ ಹೋಗುವಾಗ ಕುರಿ ಶೇಗಾಂವದ ಮೇಲೆ ಹಾದು ಹೋಗಿದ್ದವು. ನಾಯಿ ವರ್ಷವರ್ಷವೂ ತಾನು ನಡೆದ ಅದೇ ಜಾಡು ಹಿಡಿದಿತ್ತು. ಜತ್ತದ ಆಚೆ ಡಾಂಬರಿನ ಬದಿಗೆ, ಯಾವುದೋ ಗಾಡಿಗೆ ಸಿಕ್ಕು ಬಿದ್ದಿತ್ತು. ಆಯಿ ತನ್ನ ಮಡಚಿದ ಸೀರೆಯನ್ನೇ ಬಿಚ್ಚಿ ಸುತ್ತಿ ಮಣ್ಣು ಮಾಡಿದಳು.

ಮಳೆಗಾಲದ ಹೊತ್ತಿಗೆ ಕುರುಬರು ಬಂದರು. ಹಿರಿಯವನು ಕಂಬಳಿ ಎತ್ತಿ ಮೂಗಿಗೆ ಹಿಡಿದ. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ.

"ಇದನ್ನ ತೊಳೀಬಾರದು ಅಂತ ನಿನಗ ಗೊತ್ತಿರಲಿಲ್ಲೇನ ಆಯಿ?"

ಆಯಿ ನನ್ನ ಕಡೆ ನೋಡಲಿಲ್ಲ. "ಮರತೆ," ಅಂದಳು.

ನಾನು ಬಾಯಿ ಬಿಡಲಿಲ್ಲ. ಸಾಲಿ ಕಲತು ಕಲತು ಇಷ್ಟೇ ಏನ ಎಂದು ಓಣಿ ನಕ್ಕೀತೆಂಬ ಹೆದರಿಕೆ. ನಾಳೆ ಹೇಳಿದರಾತು ಅಂದುಕೊಂಡೆ. ಆ ನಾಳೆ ಬರಲಿಲ್ಲ.

ನಾಯಿ ಸತ್ತದ್ದಕ್ಕೆ ಜನ ಅವಳನ್ನು ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಆಯಿಗೆ ಮರೆವು ಬಂದೈತಿ, ವಯಸ್ಸಾತು ಪಾಪ, ಅಂದರು. ಮರೆವಿನ ಮುದುಕಿಯ ಕೈಗೆ ಯಾರು ಕೀಲಿ ಕೊಟ್ಟಾರು? ಮುಂದಿನ ವರ್ಷ ಕುರುಬರು ಬೇರೆಯವರಿಗೆ ಮನೆ ಒಪ್ಪಿಸಿದರು. ಮಿರಜಿನಿಂದ ಕರೆ ನಿಂತಿತು, ಸೊಲ್ಲಾಪುರದಿಂದಲೂ ನಿಂತಿತು. ಮಾಸ್ತರರು ಮೊದಲೇ ಬೇರೆ ಯಾರನ್ನೋ ಹುಡುಕಿಕೊಂಡಿದ್ದರು. ಆಯಿ ತನ್ನ ಹೊಸ್ತಿಲ ಮೇಲೆ ಕೂತು ಬಸ್ಸು ಬರುವುದು ಹೋಗುವುದು ನೋಡುತ್ತಿದ್ದಳು. ನಾನು ಕೆಲಸಕ್ಕೆಂದು ಪುಣೆಗೆ ಹೊರಟಾಗ, ಮಂದಿ ಮನಿಯಾಗ ಇದ್ರ ಹೇಳಿದ್ದು ಕೇಳು ಮಗಳ ಅಂದಳು. ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು... ಆ ವರ್ಷವೇ ಹೋಗಿಬಿಟ್ಟಳು. ಅವಳ ಮಣ್ಣಿಗೂ ನಾನು ಊರು ಮುಟ್ಟಲಿಲ್ಲ.

ಈ ಮನೆಯ ಬಾಗಿಲಿನಿಂದಲೂ ಸಮುದ್ರ ಕಾಣುತ್ತದೆ. ಅಷ್ಟು ನೀರು ಹೇಗೆ ನಿಂತಿರುತ್ತದೆ ಎಂದು ಈಗಲೂ ನನಗೆ ಹೇಳಲು ಬಾರದು. ನಾಯಿ ಅಂಗಿಯ ತೋಳಿನಲ್ಲಿ ಮೂಗಿಟ್ಟು ಮಲಗಿದೆ. ಅಂಗಿಯ ಒಂದು ತುದಿ ಮಣ್ಣಾಗಿದೆ. ಝಾಡಿಸೋಣವೆಂದು ಕೈ ಚಾಚಿದೆ... ಹಿಂದಕ್ಕೆ ತೆಗೆದುಕೊಂಡೆ.