ಬಿಸಿ ತಟ್ಟೆಯ ಅಂಚು

ಲಾತೀರ್ ಫಾಯ್ ನೋಡಿಕೊಳ್ಳುವ ಊಟದ ಕೋಣೆಯಲ್ಲಿ ಒಂದು ಚಮಚ ಬಿದ್ದರೆ ಹಿನ್ನೀರಿನ ಆಚೆ ದಡದ ಕೊಕ್ಕರೆಗಳು ಎದ್ದು ಹಾರುತ್ತವೆ ಎಂದು ಅಡುಗೆಯ ಮಲಾಂಗ್ ಗೇಲಿ ಮಾಡುತ್ತಿದ್ದ. ಲಾತೀರನಿಗೆ ಅದು ಗೇಲಿ ಅನ್ನಿಸುತ್ತಲೇ ಇರಲಿಲ್ಲ, ಹೊಗಳಿಕೆಯಾಗಿ ಕೇಳುತ್ತಿತ್ತು. ಕಡಲ ದಡದ ಊರು ಸೊಮೋನ್‌ನ ದೊಡ್ಡ ಹೋಟೆಲಿನಲ್ಲಿ ಬಡಿಸುವವರ ಮೇಲೆ ಯಜಮಾನನಾಗಿ ಇಪ್ಪತ್ತಾರು ವರ್ಷ ನಿಂತವನು ಅವನು. ನಡೆದರೆ ಸಪ್ಪಳವಿಲ್ಲ, ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರುವನು. ಗಿರಾಕಿ ನೀರು ಕೇಳುವ ಮೊದಲೇ ಲೋಟ ತುಂಬಿರಬೇಕು. ತಟ್ಟೆಗಳ ವಿಷಯದಲ್ಲಂತೂ ಮಹಾ ಹಟಮಾರಿ. ಒಲೆಯ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಅವು ಚೆನ್ನಾಗಿ ಕಾಯಬೇಕು, ದಪ್ಪ ಬಟ್ಟೆಯಲ್ಲಿ ಹಿಡಿದೇ ಮೇಜಿಗೆ ತರಬೇಕು. ತಣ್ಣನೆ ತಟ್ಟೆಗೆ ಬಿಸಿ ಮೀನು ಹಾಕಿದವನಿಗೆ ಆ ದಿನವಿಡೀ ಬೈಗುಳವೇ ಗತಿ.

ಬಾಗಿಲ ಪಕ್ಕದ ಹಲಗೆಯೂ ಅವನದೇ ಕೈವಾಡ. ‘ಏಳು ವರ್ಷದ ಒಳಗಿನ ಮಕ್ಕಳಿಗೆ ಇಲ್ಲಿ ಊಟವಿಲ್ಲ.’ ಹನ್ನೊಂದು ವರ್ಷದ ಹಿಂದೆ ರಾಜಧಾನಿ ಡಾಕರಿನಿಂದ ರಜೆಗೆ ಬಂದ ಮಗುವೊಂದು ಮೇಜಿನ ಹಾಸನ್ನು ಎಳೆದು, ಮೀನು, ಗಾಜು, ಹೂದಾನಿ ಎಲ್ಲವನ್ನೂ ಒಬ್ಬ ನಿವೃತ್ತ ಜಡ್ಜ್ ಸಾಹೇಬರ ತೊಡೆಯ ಮೇಲೆ ಕೆಡವಿತ್ತು. ಮಾರನೆಯ ದಿನವೇ ಲಾತೀರ್ ಹಲಗೆ ಬರೆಸಿ ತೂಗುಹಾಕಿದ. ಅಂದಿನಿಂದ ಮಕ್ಕಳೊಂದಿಗೆ ಬಂದವರು ಗೊಣಗುತ್ತಾ ಕಡಲ ದಡದ ಮೀನು ಸುಡುವ ಹೆಂಗಸರ ಹತ್ತಿರ ಹೋಗುತ್ತಿದ್ದರು. ಡಾಕರಿನ ಗತ್ತಿನವರಾಗಲಿ, ಪ್ಯಾರಿಸ್ಸಿನಿಂದ ಹುಟ್ಟೂರಿಗೆ ರಜೆ ಕಳೆಯಲು ಬಂದವರಾಗಲಿ, ಲಾತೀರ್ ಯಾರಿಗೂ ಜಗ್ಗಲಿಲ್ಲ.

“ಮಕ್ಕಳು ಬೇಡ ಅಂತಲ್ಲ ಮದಾಮ್, ಮಕ್ಕಳಿಗೆ ಇದು ಬೇಡ,” ಎಂದು ಹೋಟೆಲಿನ ಒಡತಿ ರೊಖಾಯಾಳಿಗೆ ಹೇಳುವನು. “ಎರಡು ಗಂಟೆ ಕುರ್ಚಿ ಮೇಲೆ ಅಲ್ಲಾಡದೆ ಕೂರೋದು ಅವಕ್ಕೂ ಶಿಕ್ಷೆ, ನೋಡೋರಿಗೂ ಶಿಕ್ಷೆ. ಮರ್ಯಾದೆ ಕಲಿತ ಮೇಲೆ ಬರ್ಲಿ.”

“ನಿಮ್ಮ ಮಾತು ಸರಿಯೇ ಮಾಮ. ಆದ್ರೆ ಪಕ್ಕದ ಹೋಟ್ಲು ತುಂಬಿ ತುಳುಕ್ತಾ ಇದೆ, ಅದನ್ನೂ ನೋಡಿ,” ಎನ್ನುವಳು ರೊಖಾಯಾ. ಅಪ್ಪನ ಕಾಲದಿಂದ ಇರುವ ಮನುಷ್ಯನೆಂದು ಅವಳು ಅದಕ್ಕಿಂತ ಹೆಚ್ಚು ಬಾಯಿ ಬಿಡುತ್ತಿರಲಿಲ್ಲ.

ಹೀಗಿರುವಾಗ ಕಳೆದ ವರ್ಷ ಡಿಸೆಂಬರ್ ರಜೆಯಲ್ಲಿ ಡಾಕರಿನಿಂದ ಲಾತೀರನ ಮಗಳು ಸಿಗಾ ಬಂದಳು. ಅಪ್ಪನಿಗೆ ಮುಂಚೆ ಹೇಳದೆ, ನಾಲ್ಕು ವರ್ಷದ ಮಗಳು ಯಾಂದೆಗೆ ಹೊಸ ಫ್ರಾಕು ತೊಡಿಸಿ, ನೇರ ಹೋಟೆಲಿನ ಬಾಗಿಲಿಗೇ ಬಂದು ನಿಂತಳು. ಎಲ್ಲರ ಎದುರು ಲಾತೀರ್ ಬಲು ವಿನಯದಿಂದ, ಬೇರೆ ಗಿರಾಕಿಗಳಿಗೆ ಬಾಗುವಂತೆಯೇ ಬಾಗಿ, ಹಲಗೆ ತೋರಿಸಿದ. ಸಿಗಾ ಮಗುವನ್ನು ಎತ್ತಿಕೊಂಡು ಹೊರಟುಹೋದಳು. ಆಮೇಲೆ ವರ್ಷವಿಡೀ ಅವನು ಫೋನು ಮಾಡಿದರೆ ಆ ಕಡೆಯಿಂದ “ಹ್ಞೂಂ”, “ಇಲ್ಲ”, “ಅಮ್ಮಂಗೆ ಕೊಡಿ”, ಇಷ್ಟೇ.

ಈ ವರ್ಷದ ಕೊನೆಗೆ ಲಾತೀರನಿಗೆ ಕೆಲಸದಿಂದ ಬಿಡುಗಡೆ. ರೊಖಾಯಾ ಒಂದು ದಿನ ಕರೆದು ಹೇಳಿದಳು: “ಇಪ್ಪತ್ತಾರು ವರ್ಷ ನಿಂತಿದ್ದೀರಿ ಮಾಮ, ಒಂದು ದಿನ ಕೂತ್ಕೊಳ್ಳಿ. ಕೊನೇ ಭಾನುವಾರ ಮಧ್ಯಾಹ್ನ ಕಿಟಕಿ ಪಕ್ಕದ ಮೇಜು ನಿಮ್ಮ ಮನೆಯವರದ್ದು. ಇನ್ನೊಂದು ಮಾತು. ಆ ಹಲಗೆ ನೀವು ಹಾಕಿದ್ದು. ಇರ್ಬೇಕೋ ಬೇಡ್ವೋ ಅಂತ ಹೋಗೋ ಮುಂಚೆ ನೀವೇ ಹೇಳಿಬಿಡಿ. ನೀವು ಹೇಳ್ದಂಗೆ ಮಾಡ್ತೀನಿ.”

ಹಲಗೆ ಇರಬೇಕು ಎಂದು ಅವನು ಅಲ್ಲೇ ಹೇಳುವವನಿದ್ದ. ಆದರೆ ಕೂರುವ ಮಾತು ಕೇಳಿ ಹಲಗೆ ಮರೆತೇಹೋಗಿ, ತಲೆಯಾಡಿಸಿ ಬಂದ.

ಸಂಜೆ ಮಗಳಿಗೆ ಫೋನು ಮಾಡಿದ. ಸಿಗಾ ಹೇಳಿದಳು: “ಬರ್ತೀನಪ್ಪ. ಆದ್ರೆ ಯಾಂದೆ ಜೊತೆಗೇ. ಅವಳು ಹೊರಗಾದ್ರೆ ನಾನೂ ಹೊರಗೆ. ಇನ್ನೊಂದು ಸಲ ಬಾಗಿಲಲ್ಲಿ ನಿಲ್ಲಿಸಿದ್ರೆ ಈ ಜನ್ಮದಲ್ಲಿ ಸೊಮೋನ್‌ಗೆ ಕಾಲಿಡಲ್ಲ.”

ಯಾಂದೆಗೆ ಆಗಿದ್ದದ್ದು ಐದೇ ವರ್ಷ. ಲಾತೀರ್ ಎರಡು ದಿನ ಮುಖ ಗಂಟುಹಾಕಿಕೊಂಡು ಓಡಾಡಿದ. ತನ್ನ ಮೊಮ್ಮಗಳೇ ಆ ಮೇಜಿನಲ್ಲಿ ಕಿರುಚಿದರೆ? ಬಡಿಸುವವರ ಮುಖ ಹೇಗೆ ನೋಡುವುದು? ಇಷ್ಟು ವರ್ಷದ ಮಾನ ಒಂದು ಲೋಟ ಹಣ್ಣಿನ ರಸದ ಜೊತೆ ನೆಲದ ಪಾಲಾಗುವುದಿಲ್ಲವೇ?

ಹೆಂಡತಿ ತೆನಿಂಗ್ ಸಜ್ಜೆ ಕೇರುತ್ತಾ ಕೂತಿದ್ದವಳು ಮೊರ ಕೆಳಗಿಟ್ಟಳು. “ಮೊಮ್ಮಗಳು ಯಾಕೆ ನಿಮಗೆ? ಆ ಹಲಗೆನೇ ಮನೆಗೆ ತಂದು ಮಡಿಲಲ್ಲಿಟ್ಕೊಂಡು ಆಡ್ಸಿ. ಅಳಲ್ಲ, ಎಳೆಯಲ್ಲ, ಎಷ್ಟು ಮರ್ಯಾದಸ್ಥ ಕೂಸು!”

“ಸಾಕು ಮಾರಾಯ್ತಿ, ಬರ್ಲಿ ಬಿಡು,” ಎಂದ ಲಾತೀರ್. ಸೋತಿದ್ದ. ಮಾರನೆಯ ದಿನ ಅಡುಗೆಮನೆಗೆ ಹೋಗಿ ಮಲಾಂಗ್‌ನ ಕಿವಿಯಲ್ಲಿ, “ಮಗುವಿನ ತಟ್ಟೆ ಮಾತ್ರ ತಣ್ಣಗಿರ್ಲಿ,” ಎಂದು ಹೇಳಿ ಬಂದ. ಮಲಾಂಗ್ ಬಾಯಿ ಬಿಟ್ಟುಕೊಂಡು ನೋಡಿದ.

ಭಾನುವಾರ ಬಂತು. ಅಳಿಯನಿಗೆ ಬಂದರಿನಲ್ಲಿ ಪಾಳಿ ಇದ್ದುದರಿಂದ ಸಿಗಾ ಮಗುವಿನೊಂದಿಗೆ ಒಬ್ಬಳೇ ಬಂದಿದ್ದಳು. ಯಾಂದೆಯ ಜಡೆಗಳ ತುದಿಯಲ್ಲಿ ಹಳದಿ ಮಣಿಗಳು. ಬಾಗಿಲಲ್ಲಿ ನಿಂತು ಹಲಗೆಯತ್ತ ಬೆರಳು ಮಾಡಿ ಕೇಳಿದಳು, “ತಾತ, ಇದ್ರಲ್ಲಿ ಏನು ಬರ್ದಿದೆ?”

“ಅದಾ... ಅದೇನೋ ಹಳೇದು ಕಂದ, ಬಾ,” ಎಂದ ಲಾತೀರ್. ಸಿಗಾ ಬೇರೆ ಕಡೆ ನೋಡಿದಳು.

ಕೂತಿದ್ದೇನೋ ಕೂತ, ಆದರೆ ಅವನಿಗೆ ಕುರ್ಚಿಯೇ ಒಗ್ಗಲಿಲ್ಲ. ಯಾರ ಲೋಟ ಖಾಲಿಯಾದರೂ ಸೊಂಟ ತಾನಾಗಿ ಮೇಲೇಳುತ್ತಿತ್ತು. ತೆನಿಂಗ್ ಎರಡು ಸಲ ಅವನ ತೋಳು ಹಿಡಿದು ಜಗ್ಗಿ ಕೂರಿಸಿದಳು. ಅವನ ಪಕ್ಕದಲ್ಲೇ ಎರಡು ದಿಂಬುಗಳ ಮೇಲೆ ಕೂತ ಯಾಂದೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೇಜಿನ ಹಾಸಿನ ತಂಟೆಗೇ ಹೋಗಲಿಲ್ಲ. ಯಾರಾದರೂ ಕೇಳಿದರೆ ಮಾತ್ರ ಬಾಯಿ ಬಿಟ್ಟಳು. ಲಾತೀರನಿಗೆ ಸ್ವಲ್ಪ ಧೈರ್ಯ ಬಂತು.

ಚೋಫ್ ಮೀನು ಬಂತು. ಮಲಾಂಗ್ ತಾನೇ ದಪ್ಪ ಬಟ್ಟೆಯಲ್ಲಿ ಹಿಡಿದು ತಂದು, “ತಟ್ಟೆ ಬಿಸಿ ಇದೆ, ಹುಷಾರು,” ಎಂದು ಮೊದಲು ಹಿರಿಯನಾದ ಲಾತೀರನ ಮುಂದಿಟ್ಟ, ಕೊನೆಗೆ ಮಗುವಿನ ಮುಂದೆ ತಣ್ಣನೆಯದನ್ನು. ಅಷ್ಟರಲ್ಲಿ ಎದುರಿನ ಮೇಜಿನಿಂದ ರೊಖಾಯಾ ಎದ್ದು ನಿಂತು ಲಾತೀರನ ಬಗ್ಗೆ ನಾಲ್ಕು ಮಾತು ಶುರುಮಾಡಿದಳು. ನಾಲ್ಕು ಹೋಗಿ ನಲವತ್ತಾಯಿತು. ಸುತ್ತಲಿನ ಮೇಜಿನವರೂ ಕಿವಿಗೊಟ್ಟರು. ಅವನು ಅವಳ ಕಡೆಗೇ ತಿರುಗಿ, ಕಣ್ಣು ತುಂಬಿಕೊಂಡು ಕೇಳುತ್ತಾ ಕೂತ. ಚಪ್ಪಾಳೆಯಾಯಿತು. ಇತ್ತ ತಿರುಗಿದರೆ ಯಾಂದೆ ಮೀನು ಮುಟ್ಟಿರಲೇ ಇಲ್ಲ.

“ಯಾಕಮ್ಮ, ತಿನ್ನಲ್ವಾ?”

“ನೀವಿನ್ನೂ ಶುರು ಮಾಡಿಲ್ವಲ್ಲ ತಾತ.” ದನಿ ನಡುಗುತ್ತಿತ್ತು. ಕಣ್ಣ ತುದಿಯಲ್ಲಿ ನೀರು, ತುಟಿ ಬಿಗಿದಿದ್ದಳು. ಅವಳ ಎಡಗೈ ಅವನ ತಟ್ಟೆಯ ಅಂಚನ್ನು ಹಿಡಿದಿತ್ತು.

ಲಾತೀರ್ ತಟ್ಟೆಗೆ ಬೆರಳಿಟ್ಟ. ಚುರ್ರೆಂದಿತು.

“ಬಿಡು ಕಂದ! ಬಿಡೇ!”

ಆ ಕೋಣೆ ಅಂಥ ಕೂಗನ್ನು ಎಂದೂ ಕೇಳಿರಲಿಲ್ಲ. ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು, ಲೋಟ ಬಿದ್ದು ಒಡೆಯಿತು, ಚಮಚ ಠಣಠಣ ಎನ್ನುತ್ತಾ ನೆಲದ ಮೇಲೆ ಓಡಿತು. ಮಗುವಿನ ನಾಲ್ಕು ಬೆರಳೂ ಕೆಂಪಗಾಗಿದ್ದವು. ಲಾತೀರ್ ಪಕ್ಕದ ಮೇಜಿನವರ ಐಸ್ ಬಕೆಟ್ಟಿನಿಂದ ಬಾಟಲಿ ಕಿತ್ತು ಅವರ ಕೈಗೇ ಕೊಟ್ಟು, ಬಕೆಟ್ಟನ್ನು ಎಳೆದುಕೊಂಡು ಆ ಪುಟ್ಟ ಕೈಯನ್ನು ತಣ್ಣೀರಿನಲ್ಲಿ ಅದ್ದಿದ. ಕ್ಷಮಿಸಿ ಎಂದು ಹೇಳುವುದಕ್ಕೂ ಅವನಿಗೆ ನೆನಪಾಗಲಿಲ್ಲ.

“ಬಿಸಿ ಅಂತ ಆ ಮಾಮ ಹೇಳಿದ್ರಲ್ಲ ಪುಟ್ಟಿ, ಯಾಕೆ ಹಿಡ್ಕೊಂಡೆ?” ಎಂದು ಕೇಳಿದಳು ತೆನಿಂಗ್.

“ಬಿಸಿ ಅಂದ್ರು. ಬಿಡಬಹುದು ಅಂತ ಯಾರೂ ಹೇಳ್ಲಿಲ್ಲ,” ಎಂದಳು ಯಾಂದೆ ಬಿಕ್ಕುತ್ತಾ. “ತಾತನ ಜೊತೆ ಊಟಕ್ಕೆ ಕೂತ್ರೆ ಎಡಗೈ ಬೋಗುಣಿ ಅಂಚು ಬಿಡಬಾರ್ದು ಅಂತ ಅಮ್ಮ ಹೇಳಿದ್ಲು. ಇಲ್ಲಿ ಬೋಗುಣಿ ಇರ್ಲಿಲ್ಲ, ಅದಕ್ಕೆ ತಾತನ ತಟ್ಟೆ ಹಿಡ್ಕೊಂಡೆ. ಬೋಗುಣಿ ಬಿಟ್ಟೋರಿಗೆ ಮೀನಿಲ್ಲ.”

ಆ ಮಾತು ಲಾತೀರನದೇ. ಮನೆಯಲ್ಲಿ ಚಾಪೆಯ ನಡುವೆ ಎಲ್ಲರೂ ಸುತ್ತ ಕೂತು ತಿನ್ನುವ ಒಂದೇ ಅನ್ನದ ಬೋಗುಣಿ ಇಟ್ಟಾಗ, ಅದು ಜಾರದಂತೆ ಮಕ್ಕಳು ಎಡಗೈಯಲ್ಲಿ ಅಂಚು ಹಿಡಿದು ಕೂರಬೇಕು, ಹಿರಿಯರು ಏಳುವವರೆಗೂ ಬಿಡಬಾರದು. ಸಿಗಾ ಚಿಕ್ಕವಳಿದ್ದಾಗ ಅಂಚು ಬಿಟ್ಟು ಅವನಿಂದ ಎಷ್ಟೋ ಸಲ ಬೆರಳಿಗೆ ಪೆಟ್ಟು ತಿಂದಿದ್ದಳು.

“ಒಂದು ತಿಂಗಳಿಂದ ದಿನಾ ಹೇಳ್ಕೊಟ್ಟೆ ಅಪ್ಪ,” ಎಂದಳು ಸಿಗಾ, ಅಳು ತಡೆಯಲಾಗದೆ. “ಅಲುಗಬೇಡ, ಮಾತಾಡಬೇಡ, ಅಂಚು ಬಿಡಬೇಡ ಅಂತ. ಈ ಸಲ ನೀವು ಏನೂ ಅನ್ನಬಾರ್ದು ಅಂತ. ಇಲ್ಲಿ ಬೋಗುಣಿ ಇರಲ್ಲ ಅಂತ ನನ್ನ ಹಾಳು ತಲೆಗೆ ಹೊಳೀಲೇ ಇಲ್ಲ.”

ಲಾತೀರ್ ಅವಳ ತಲೆಯ ಮೇಲೆ ಕೈಯಿಟ್ಟ. “ನಿನ್ನದೇನೂ ತಪ್ಪಿಲ್ಲಮ್ಮ. ಕಲಿಸಿದೋನೂ ನಾನೇ, ತಟ್ಟೆ ಕಾಯಿಸಿದೋನೂ ನಾನೇ. ಹೋದ ವರ್ಷ ಬಾಗಿಲಲ್ಲಿ ನಿಲ್ಲಿಸಿದ್ನಲ್ಲ, ಅದೂ ನನ್ನದೇ ತಪ್ಪು.” ಇಪ್ಪತ್ತಾರು ವರ್ಷದಲ್ಲಿ ಅವನು ಗಿರಾಕಿಗಳಿಗೆ ಸಾವಿರ ಸಲ ಕ್ಷಮೆ ಕೇಳಿದ್ದ. ಮಗಳಿಗೆ ಕೇಳಿದ್ದು ಇದೇ ಮೊದಲು.

ಆಮೇಲೆ ರೊಖಾಯಾಳ ಕಡೆ ತಿರುಗಿದ. “ಹಲಗೆ ತೆಗೆಸಿಬಿಡಿ ಮದಾಮ್. ಇವತ್ತು ಇಲ್ಲಿ ಗಲಾಟೆ ಮಾಡ್ದೋನು, ಲೋಟ ಒಡೆದೋನು ನಾನು. ಎಲ್ಲರಿಗಿಂತ ಮರ್ಯಾದೆಯಾಗಿ ಕೂತಿದ್ದೋಳು ಇವಳು. ಮಕ್ಕಳು ಬರ್ಲಿ, ಮಕ್ಕಳ ಥರಾನೇ ಕೂತ್ಕೊಳ್ಲಿ.”

ಯಾರೋ ಬಂದು ಕುರ್ಚಿ ನೆಟ್ಟಗೆ ನಿಲ್ಲಿಸಿದರು. ಲಾತೀರ್ ಕೂತು, ಮೊಮ್ಮಗಳ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿ, ತನ್ನ ಎಡಗೈಯಲ್ಲಿ ಅದರ ಅಂಚು ಹಿಡಿದ. ಬಲಗೈ ಬೆರಳುಗಳಿಂದಲೇ ಮೀನು ಬಿಡಿಸಿ, ಮುಳ್ಳು ತೆಗೆದು, ಒಳ್ಳೊಳ್ಳೆಯ ತುಂಡುಗಳನ್ನು ಅವಳ ಕಡೆಗೆ ನೂಕಿದ. “ನೀನು ತಿನ್ನು ಕಂದ. ತಾತ ಹಿಡ್ಕೊಂಡಿದ್ದೀನಿ.”

ಯಾಂದೆ ಒಂದು ಕೈ ನೀರಿನಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ತಿನ್ನತೊಡಗಿದಳು. ಸ್ವಲ್ಪ ಹೊತ್ತಿಗೆ ಮೂಗು ಸೊರಸೊರ ಎನ್ನುವುದು ನಿಂತು, ಕಾಲುಗಳು ಮೇಜಿನ ಕೆಳಗೆ ತೂಗಾಡತೊಡಗಿದವು.

“ಅಪ್ಪ, ನಿಮ್ಮ ಮೀನು ತಣ್ಣಗಾಗ್ತಿದೆ,” ಎಂದಳು ಸಿಗಾ. ವರ್ಷದ ಮೇಲೆ ಅವಳು ತಾನಾಗಿ ಅವನಿಗೆ ಆಡಿದ ಮೊದಲ ಅಕ್ಕರೆಯ ಮಾತು ಅದು.

“ಆಗ್ಲಿ ಬಿಡಮ್ಮ,” ಎಂದ ಲಾತೀರ್, ಮಗು ತಿಂದು ಮುಗಿಸುವವರೆಗೂ ಅಂಚು ಬಿಡಲಿಲ್ಲ.