ಪತಂಗದಕ್ಕನ ಮೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಮಂದ ಕೆಂಪು ದೀಪವೊಂದೇ ಉರಿಯುತ್ತಿದೆ. ಇರುಳೆಲ್ಲ ಹಾರಾಡಿದ ಪತಂಗಗಳು ಪಂಜರದ ಬಲೆಗೆ ಅಂಟಿಕೊಂಡು ಸುಮ್ಮನಾಗುತ್ತಿವೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಒಳಗೆ ಕೈ ಚಾಚಿ, ಎಲೆಯಡಿಗೆ ಅಂಟಿದ ಹಸಿರು ಮೊಟ್ಟೆಗಳನ್ನು ಕುಂಚದ ತುದಿಯಿಂದ ಬಿಡಿಸುತ್ತಾರೆ. ಬೆಣ್ಣೆಯಿಂದ ಕೂದಲು ತೆಗೆಯುವ ನಾಜೂಕು. ಪತಂಗವೊಂದು ಮಣಿಕಟ್ಟಿನ ಮೇಲೆ ಬಂದು ಕೂರುತ್ತದೆ. “ಇಳಿಯಮ್ಮ, ಕೆಲಸ ಇದೆ,” ಎನ್ನುತ್ತಾರೆ.

ಕೇಂದ್ರದಲ್ಲಿ ಎಲ್ಲರಿಗೂ ಅವರು ಪತಂಗದಕ್ಕ. ಹೊಲಿಗೆ ಕಾರ್ಖಾನೆ ಮುಚ್ಚಿದಾಗ ಇಲ್ಲಿಗೆ ಕಸ ಗುಡಿಸಲು ಬಂದವರು. ಹುಳ ಸಾಕುತ್ತಿದ್ದ ಹಿರಿಯರು ನಿವೃತ್ತರಾಗುವ ಮುನ್ನ ಇವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಿದರು. ದಿನಕ್ಕೆ ಇನ್ನೂರರಷ್ಟು ಕಂಬಳಿಹುಳಗಳಿಗೆ ಮೇವು, ಕೋಶಗಳಿಗೆ ಹಾಸಿಗೆ, ಪತಂಗಗಳಿಗೆ ಸಕ್ಕರೆ ನೀರು. “ಹುಳ ತಿನ್ನೋದು ನೋಡಿದ್ರೆ ನನ್ನ ಮಗ ಊಟಕ್ಕೆ ಕೂತ ಹಾಗಿರತ್ತೆ. ಅವನು ತಟ್ಟೆ ಒಂದು ಬಿಡ್ತಾನೆ, ಅಷ್ಟೆ.”

ಇಲ್ಲಿ ನಡೆಯುವುದು ವಾಸನೆಯ ಅಧ್ಯಯನ. ಪತಂಗದ ಮೂಗು ಅದರ ತಲೆಯಿಂದ ಚಾಚಿದ ಕುಡಿಮೀಸೆಯಲ್ಲಿದೆ. ಅಲ್ಲಿನ ಸೂಕ್ಷ್ಮ ರೋಮಗಳ ರಂಧ್ರದಿಂದ ಒಳಹೊಕ್ಕ ವಾಸನೆಯ ಕಣ ನರವನ್ನು ಮೀಟುತ್ತದೆ. ಆ ಸುದ್ದಿ ಮಿದುಳಿನ ಬಾಗಿಲಲ್ಲಿರುವ ಪುಟ್ಟ ಪುಟ್ಟ ನರದುಂಡೆಗಳಿಗೆ ಮುಟ್ಟುತ್ತದೆ. ಹೂವಿಗೆ ಕೆಲವು ಉಂಡೆಗಳು ಎಚ್ಚರಗೊಂಡರೆ ಎಲೆಗೆ ಬೇರೆ ಕೆಲವು. ಹೆಣ್ಣಿನ ಗಂಧಕ್ಕೆಂದೇ ಗಂಡಿನ ಮಿದುಳಲ್ಲಿ ದೊಡ್ಡ ಉಂಡೆಗಳಿವೆ. ಅಲ್ಲಿಂದ ಸುದ್ದಿ ನೆನಪಿನ ಮನೆಗೆ ಸಾಗುತ್ತದೆ. ಒಂದು ವಾಸನೆ ತೋರಿಸಿ ಸಕ್ಕರೆ ನೀರು ಕೊಡುತ್ತ ಹೋದರೆ, ಕೆಲವು ಸಲಕ್ಕೆಲ್ಲ ವಾಸನೆಗೇ ಪತಂಗ ನಾಲಿಗೆಯ ಸುರುಳಿ ಬಿಚ್ಚುತ್ತದೆ. ಈ ಪಾಠ ಹೇಳಿಕೊಡುವವರೂ ಪತಂಗದಕ್ಕನೇ.

ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ಅವರ ಮೂಗನ್ನೇ ಕೊಂಡೊಯ್ದಿತು. ಒಗ್ಗರಣೆಯಿಲ್ಲ, ಸೋಪಿಲ್ಲ, ಏನೂ ಇಲ್ಲ. ಮನೆಯವರಿಗೆ ಹೇಳಿದರು, ಕೇಂದ್ರದಲ್ಲಿ ತುಟಿ ಬಿಚ್ಚಲಿಲ್ಲ. “ವಾಸನೆ ಕೆಲಸದಲ್ಲಿ ಮೂಗಿಲ್ಲದೋಳನ್ನ ಯಾರು ಇಟ್ಕೋತಾರೆ?”

ಮುಚ್ಚಿಟ್ಟದ್ದು ಒಂದು ಬೇಸಿಗೆಯಲ್ಲಿ ಹೊರಬಿತ್ತು. ಸೆಕೆಯೆಂದು ಬೆಳಗ್ಗೆ ಪಡಸಾಲೆಯ ಕಡೆಯ ಕಿಟಕಿ ತೆರೆದಿಟ್ಟರು. ಹಿಂದಿನ ದಿನ ಬಣ್ಣದವರು ಅಲ್ಲಿನ ಬಾಗಿಲುಗಳಿಗೆ ವಾರ್ನಿಷ್ ಬಳಿದಿದ್ದರು. ಘಾಟು ಕೋಣೆಯನ್ನೆಲ್ಲ ತುಂಬಿತು, ಅವರಿಗೆ ತಿಳಿಯಲಿಲ್ಲ. ಆ ದಿನ ಗಂಡು ಪತಂಗಗಳು ಹೆಣ್ಣಿನ ಗಂಧದತ್ತ ಹಾರಲೇ ಇಲ್ಲ. ಯುವ ಸಂಶೋಧಕಿಯ ವಾರಗಟ್ಟಲೆ ಶ್ರಮ ನೀರುಪಾಲಾಯಿತು.

“ಅಕ್ಕ, ಇಷ್ಟು ಘಾಟು ನಿಮ್ಮ ಮೂಗಿಗೆ ಬಡೀಲಿಲ್ವಾ?” ಎಂದು ಆಕೆ ಕೇಳಿದಳು.

“ನನಗೆ ಮೂಗೇ ಇಲ್ಲ ಮೇಡಂ. ಜ್ವರ ಬಂದಾಗಿಂದ.”

ಸಂಶೋಧಕಿಯ ಮುಖ ಸಿಟ್ಟಿನಿಂದ ಕೆಂಪಗಿತ್ತು. ಆದರೂ ಮೆಲ್ಲನೆ, “ಕಾಫಿನೂ ಗೊತ್ತಾಗಲ್ವಾ?” ಎಂದಳು.

“ಬಿಸಿನೀರು ಕುಡಿದ ಹಾಗೆ.”

ಕೆಲಸ ಹೋಗಲಿಲ್ಲ. ಆ ವಾರವೇ ಸಂಶೋಧಕಿ ಅವರನ್ನು ಮೂಗಿನ ವೈದ್ಯರ ಬಳಿಗೆ ಕರೆದೊಯ್ದಳು. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ: ದಿನಾ ಎರಡು ಹೊತ್ತು ಒಂದೊಂದನ್ನೇ ಮೂಸಿ, ಅದರ ನೆನಪು ಮಾಡಿಕೊಳ್ಳಬೇಕು, ಮರಳಿಯೇ ಬರುತ್ತದೆಂದು ಹೇಳಲಾರೆ ಎಂದರು ವೈದ್ಯರು. ಪತಂಗದಕ್ಕ ನಕ್ಕರಂತೆ. “ನಾನು ಹುಳಕ್ಕೆ ಹೇಳೋ ಪಾಠಾನೇ ನನಗೂ ಬಂತು. ಸಕ್ಕರೆ ನೀರು ಮಾತ್ರ ಕೊಡಲಿಲ್ಲ.”

ತಿಂಗಳುಗಳು ಕಳೆದವು, ಏನೂ ಆಗಲಿಲ್ಲ. ಬೇಸತ್ತು ಶೀಶೆಗಳನ್ನು ಕಪಾಟಿಗೆ ಸೇರಿಸಿಯೂಬಿಟ್ಟರು. ಮತ್ತೆ ತೆಗೆದು ಎದುರಿಗಿಟ್ಟದ್ದು ಬಸ್ ಮೆಕ್ಯಾನಿಕ್ ಆಗಿರುವ ಗಂಡ. ಒಂದು ಬೆಳಗ್ಗೆ ನಿಂಬೆಯ ಶೀಶೆಯಿಂದ ಏನೋ ಬಂತು, ಸುಟ್ಟ ರಬ್ಬರಿನ ವಾಸನೆ. “ನಿಂಬೆಹಣ್ಣೇ ಟೈರ್ ಆದ್ರೆ ನಾನು ಏನಾಗ್ತೀನೋ,” ಎಂದ ಗಂಡ. ಪತಂಗದಕ್ಕನಿಗೆ ಮಾತ್ರ ಕಣ್ಣು ತುಂಬಿತು. “ಕೆಟ್ಟದ್ದಾದ್ರೂ ವಾಸನೆ ತಾನೇ. ಒಳಗೆ ಯಾರೋ ಬಾಗಿಲು ತೆಗೆದ ಹಾಗಾಯ್ತು.”

ಈಗ ಲವಂಗ ಲವಂಗದಂತೆಯೇ ಬರುತ್ತದೆ. ಗುಲಾಬಿ ಇನ್ನೂ ಸತಾಯಿಸುತ್ತಿದೆ. ಕಿಟಕಿ ತೆರೆಯುವ ಮುನ್ನ ಕೇಂದ್ರದ ಕಾವಲುಗಾರರನ್ನು ಕರೆದು ಗಾಳಿ ಮೂಸಿಸುತ್ತಾರೆ. “ದಿನಾ ಅವರ ಮೂಗು ಕಡ ತಗೋತೀನಿ.” ಸಂಶೋಧಕಿಯ ಪ್ರಯೋಗ ಹೊಸ ಪತಂಗಗಳೊಂದಿಗೆ ಮತ್ತೆ ಶುರುವಾಗಿದೆ. ಗಂಡುಗಳು ಗಂಧದ ಜಾಡು ಹಿಡಿದು ಅಡ್ಡಾದಿಡ್ಡಿಯಾಗಿ ತೇಲುತ್ತ ಸರಿಯಾದ ಜಾಗಕ್ಕೇ ಬಂದಿಳಿಯುತ್ತಿವೆ.

ಮೊಟ್ಟೆಯ ತಟ್ಟೆ ಮುಚ್ಚಿ, ಕೈ ತೊಳೆಯುತ್ತ ಅವರು ಮಗಳ ಮಾತೆತ್ತುತ್ತಾರೆ. ಚೊಚ್ಚಲ ಬಸುರಿ, ಈಗ ಏಳು ತಿಂಗಳು.

“ಕೂಸನ್ನ ಎತ್ಕೊಂಡು ನೆತ್ತಿ ಮೂಸ್ಬೇಕು, ಅಷ್ಟೆ. ರಬ್ಬರ್ ವಾಸನೆ ಬಂದ್ರೂ ಚಿಂತೆಯಿಲ್ಲ. ದಿನಾ ಮೂಸಿ ಮೂಸಿ, ಸರಿಯಾದ್ದು ಕಲಿತ್ಕೋತೀನಿ.”