ಕ್ವಾರಂಟೈನ್ ಮುಗಿಸಿದ ಕಂಪ್ಯೂಟರ್

ಡಬ್ಲಿನ್ ರೈಲಿಗೆ ಇನ್ನೂ ಹೊತ್ತಿತ್ತು. ನಾನೂ ಹೆಂಡತಿಯೂ ಐರ್ಲೆಂಡಿನ ಅತ್ಲೋನ್ ಊರಿನ ಚಾರಿಟಿ ಅಂಗಡಿಯೊಂದನ್ನು ಹೊಕ್ಕೆವು. ಕೊರೊನಾ ಕಾಲ, ದಾನ ಬಂದ ಸಾಮಾನಿಗೂ ಅಲ್ಲಿ ಕ್ವಾರಂಟೈನ್. ಅದನ್ನು ಮುಗಿಸಿದ ಹಳೇ ಕಂಪ್ಯೂಟರೊಂದನ್ನು ಮಾಸ್ಕ್ ತೊಟ್ಟ ಅಜ್ಜಿಯೊಬ್ಬರು ಮೇಜಿನ ಮೇಲಿಟ್ಟು ಒರೆಸುತ್ತಿದ್ದರು.

“ಆನ್ ಆದರೆ ಮಾರಾಟಕ್ಕೆ, ಇಲ್ಲವಾದರೆ ಗುಜರಿಗೆ. ನಮಗ್ಯಾರಿಗೂ ಇದನ್ನು ನಡೆಸಲು ಗೊತ್ತಿಲ್ಲ,” ಎಂದರು.

ನಾನು ಶಾಲೆಯಲ್ಲಿ ಕಲಿತದ್ದು ಇಂಥದ್ದರಲ್ಲೇ. ಮುಂದೆ ಹೋದೆ.

“ರೀ, ಶೂ ಯಾಕೆ ಬಿಚ್ತಿದ್ದೀರಾ?” ಹೆಂಡತಿ ಕೇಳಿದಾಗಲೇ ನನಗೂ ಗೊತ್ತಾದದ್ದು.

“ಚಪ್ಪಲಿ ಹಾಕ್ಕೊಂಡು ಕಂಪ್ಯೂಟರ್ ರೂಮಿಗೆ ಹೋದ್ರೆ ನಮ್ ಮೇಷ್ಟ್ರು ಬಯ್ಯೋರು ಕಣೇ, ಧೂಳು ಬಿದ್ದು ಕೆಟ್ಟೋಗತ್ತೆ ಅಂತ.”

ಅಜ್ಜಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಸ್ವಿಚ್ ಒತ್ತಿದೆ. ಗುಂಯ್ ಎಂದಿತು, ಪರದೆ ಹಸಿರಾಗಿ ಬೆಳಗಿತು. ಖುಷಿಯಿಂದ ತಿರುಗಿ ನೋಡಿದರೆ, ಅಂತರ ಕಾಯಲು ನೆಲಕ್ಕೆ ಎಳೆದ ಹಳದಿ ಗೆರೆಯಾಚೆ ಸರಿದಿದ್ದ ಅಜ್ಜಿಯೂ ಶೂ ಕಳಚಿ, ಬರೀ ಕಾಲುಚೀಲದಲ್ಲಿ ನಿಂತಿದ್ದರು.